ದಾಕ್ಷಾಯಿಣಿಯ ಹಸಿವು

ಅಂಗಳದಲ್ಲಿ ಎರಡು ಸೀರೆ ಅಡ್ಡ ಹಿಡಿದು ಹೆಂಗಸರು ದಾಕ್ಷಾಯಿಣಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಸೀರೆಯ ಈಚೆ, ಜಗಲಿಯ ಮೇಲೆ ಗಂಡ ಮಲ್ಲೇಶಪ್ಪ ಕೂತಿದ್ದ. ನೀರು ಬೀಳುವ ಸದ್ದಿನ ನಡುವೆಯೂ, ಹೊಸದುರ್ಗದಿಂದ ಬಂದಿದ್ದ ಅವಳ ಅಕ್ಕ ಶಿವಗಂಗಮ್ಮನ ಮಾತು ಅವನಿಗೆ ಕೇಳಿಸಿತು.

“ಕೈ ಎತ್ತಿದ್ರೆ ಭಾರಾನೇ ಇಲ್ಲ. ಹಸಿ ತರ್ಕಾರಿ ತಿಂದು ತಿಂದು, ಹಸ್ಕಂಡೇ ಹೋದ್ಲು ನನ್ ತಂಗಿ.”

ಹಿಂದಿನ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಕುಸಿದವಳು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ, ಊಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಈಗ ಆ ಮಾತು ಮಲ್ಲೇಶಪ್ಪನ ನೆರವಿಗೆ ಬರಲಿಲ್ಲ. ಅವಳು ಹಸಿದುಕೊಂಡು ಹೋದಳೇ? ಹೋಗಿದ್ದರೆ ಅದು ತನ್ನಿಂದಲೇ. ಅದೊಂದು ಗೊತ್ತಾಗದೆ ಅವಳನ್ನು ಮಣ್ಣಿಗೆ ಕೊಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

*

ಹೊಳಲ್ಕೆರೆ ಪೇಟೆಯಲ್ಲಿ ಅವನದು ಟೈಲರ್ ಅಂಗಡಿ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಏರಿದಾಗ ಜೋಗಿಮಟ್ಟಿ ತಪ್ಪಲಿನ ಪ್ರಕೃತಿ ಚಿಕಿತ್ಸೆ ಶಿಬಿರವೊಂದಕ್ಕೆ ಹತ್ತು ದಿನ ಹೋಗಿ, ಇನ್ನು ಬೇಯಿಸಿದ್ದನ್ನು ಮುಟ್ಟುವುದಿಲ್ಲ ಎಂದುಕೊಂಡು ಬಂದ. ಹಾಕಿದ ಹೊಲಿಗೆಯನ್ನಾದರೂ ಬಿಚ್ಚಿಯಾನು, ಹಿಡಿದ ಹಟ ಬಿಡುವ ಪೈಕಿಯಲ್ಲ. ದಾಕ್ಷಾಯಿಣಿ ನಗುತ್ತಲೇ ಗ್ಯಾಸ್ ಒಲೆ ಒರೆಸಿ ಬಟ್ಟೆ ಮುಚ್ಚಿದಳು. ನಿನ್ನ ಪಾಡಿಗೆ ನೀನು ಮಾಡಿಕೊಂಡು ಉಣ್ಣು ಎಂದು ಅವನು ಬೇಡಿಕೊಂಡ.

“ನೀವ್ ಸೌತೆಕಾಯಿ ಕಡಿಯೋದ್ ನೋಡ್ಕಂಡು ನಾನ್ ಮುದ್ದೆ ನುಂಗ್ಲಾ? ಗಂಟ್ಲಾಗೆ ಇಳೀತೈತಾ ಅದು?”

ಮೊದಲ ತಿಂಗಳು ಪ್ರಾಣಸಂಕಟ. ಮೊಳಕೆ ಹೆಸರುಕಾಳು, ಕ್ಯಾರೆಟ್ ತಿಂದು ಅಂಗಡಿಗೆ ಹೋದರೆ ಹತ್ತು ಗಂಟೆಗೆಲ್ಲ ಕೈ ನಡುಗಿ ಸೂಜಿಗೆ ದಾರ ಏರುತ್ತಿರಲಿಲ್ಲ. ಬರೀ ಸೊಪ್ಪು ಮೇದರೆ ಶಕ್ತಿ ಎಲ್ಲಿಂದ ಬರಬೇಕು ಎಂದು ಬೈದು, ದಾಕ್ಷಾಯಿಣಿಯೇ ನೆನೆಸಿದ ಶೇಂಗಾ, ಎಳ್ಳು, ಹಸಿ ತೆಂಗಿನಕಾಯಿ ಸೇರಿಸಿದಳು. ನಡುಕ ನಿಂತಿತು. ಆಸೆ ನಿಲ್ಲಲಿಲ್ಲ.

ಮಧ್ಯಾಹ್ನ ಮೆಷಿನ್ ಮುಂದೆ ತೂಕಡಿಸಿದರೆ ಮಡಿಸಿಟ್ಟ ಬಟ್ಟೆಯಿಂದ ಹಬೆ ಏಳುತ್ತಿತ್ತು. ಅವನು ಕೈ ಹಾಕಿ ತುತ್ತು ಮುರಿಯುತ್ತಿದ್ದ, ಬೆರಳು ಬೆಚ್ಚಗಾಗುತ್ತಿತ್ತು. ಪೇಟೆಯ ತುಂಬ ಅವರೆಕಾಳು ಸಾರಿನ ಘಮ. ದಾಕ್ಷಾಯಿಣಿ ಸೌಟು ಹಿಡಿದು, ಕಾಲು ನೆಲಕ್ಕೆ ತಾಗಿಸದೆ, ಅಂಗಡಿಗಳ ಮುಂದೆ ನಿಧಾನವಾಗಿ ತೇಲಿ ಬರುತ್ತಿದ್ದಳು. ಹತ್ತಿರ ಬಂದಳು ಎನ್ನುವಾಗ ಎಚ್ಚರವಾಗಿ, ಕೈಯಲ್ಲಿ ಯಾರದೋ ಪೈಜಾಮ ಇರುತ್ತಿತ್ತು. ಅದನ್ನು ಹೇಳಿದರೆ ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಿನಗೆ ಇಂಥ ಕನಸು ಬೀಳುವುದಿಲ್ಲವೇ ಎಂದು ಒಮ್ಮೆ ಕೇಳಿದ್ದ. ಇಲ್ಲವಲ್ಲ ಎಂದು, ಗುಂಡಿ ಹಾಕಬೇಕಿದ್ದ ಅಂಗಿಗಳನ್ನು ಎತ್ತಿಕೊಂಡು, ಬೆಳಕು ಚೆನ್ನಾಗಿರುತ್ತದೆಂದು ಎದುರು ಮನೆಯ ನಿಂಗಕ್ಕನಲ್ಲಿಗೆ ಹೊರಟಿದ್ದಳು.

*

ಊರಾಚೆ, ಸಮಾಧಿ ಗುಂಡಿಯಲ್ಲಿ ವಿಭೂತಿ ಹಚ್ಚಿ ಕೂರಿಸಿದ ಹೆಂಡತಿಯ ಮೇಲೆ ಮಲ್ಲೇಶಪ್ಪ ಬಿಲ್ವಪತ್ರೆ ಹಾಕಿದ. ಮಣ್ಣು ಹಾಕುವಾಗ ಅವನ ಮುಷ್ಟಿ ಬಿಚ್ಚಲಿಲ್ಲ. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರೇ ಉಣಿಸಬೇಕು. ಎಲ್ಲರೂ ಸ್ನಾನ ಮುಗಿಸಿ ದೀಪ ನೋಡಿದ ಮೇಲೆ ನಿಂಗಕ್ಕ ಕರೆಯಲು ಬಂದಳು. ಮಲ್ಲೇಶಪ್ಪ ಒಲ್ಲೆನೆಂದ. ಅವಳು ಹಸಿದು ಹೋಗಿರುವಾಗ ನಾನು ಉಣ್ಣಲೇ ಎಂದ. ನಿಂಗಕ್ಕ ಸೆರಗಿನ ತುದಿ ತಿರುವುತ್ತ ನಿಂತಳು.

“ಹಸ್ಕಂಡು ಹೋಗ್ಲಿಲ್ಲಣ್ಣ ದಾಕ್ಷಾಯಿಣಕ್ಕ. ದಿನಾ ಹನ್ನೊಂದಕ್ಕೆ ನಮ್ಮನ್ಯಾಗೆ ಉಣ್ತಿದ್ರು. ನಮ್ಮನೆಯವ್ರಿಗೆ ಗೊತ್ತಾದ್ರೆ ಅವ್ರೂ ಪಥ್ಯ ಬಿಟ್ಟುಬಿಡ್ತಾರೆ, ಸಕ್ರೆ ಏರ್ತೈತೆ ಅಂತ ನನ್ ಕೈಲಿ ಆಣೆ ಮಾಡಿಸ್ಕಂಡಿದ್ರು.”

ಮಲ್ಲೇಶಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ತಾನೊಬ್ಬನೇ ಕ್ಯಾರೆಟ್ ಅಗಿದನಲ್ಲ. ಅವಳು ಉಂಡಿದ್ದಳೆಂಬ ಆ ಸಿಟ್ಟು ಎಷ್ಟು ಹಿತವಾಗಿತ್ತೆಂದರೆ, ಸುಳ್ಳಾದರೆ ಎಂದು ಅವನಿಗೇ ಭಯವಾಯಿತು. ಸಮಾಧಾನಕ್ಕೆಂದು ಜನ ಏನೇನೋ ಹೇಳುತ್ತಾರೆ. ಇವಳೂ ಹಾಗೇ ಹೇಳಿರಬಹುದು. ಅವನು ಎದ್ದು ಬೀದಿ ದಾಟಿದ.

ನಿಂಗಕ್ಕನ ಅಡುಗೆಮನೆಗೆ ಅವನು ಎಂದೂ ಕಾಲಿಟ್ಟವನಲ್ಲ. ಕಿಟಕಿಯ ಬೆಳಕಿನಲ್ಲಿ ಹೊಗೆ ತೆಳ್ಳಗೆ ತೇಲುತ್ತಿತ್ತು. “ಕುಂತ್ಕಳ್ರಿ” ಎಂದು ನಿಂಗಕ್ಕ ನೀಲಿ ಗೋಡೆಯ ಪಕ್ಕ ಚಾಪೆ ಹಾಸಿದಳು. ಗೋಡೆಯ ಮೇಲೆ, ಗಿಡ್ಡ ಹೆಂಗಸೊಬ್ಬಳು ಒರಗಿ ಕೂತರೆ ತಲೆ ತಾಗುವ ಎತ್ತರದಲ್ಲಿ, ಅಂಗೈಯಗಲದ ಎಣ್ಣೆಕಲೆ ಇತ್ತು. ಒಂದೆರಡು ದಿನದ್ದಲ್ಲ, ಗಾರೆಯೊಳಗೆ ಇಳಿದು ಕಪ್ಪಾಗಿತ್ತು. ಮಲ್ಲೇಶಪ್ಪ ಬಗ್ಗಿ ಮೂಸಿ ನೋಡಿದ. ದಾಕ್ಷಾಯಿಣಿ ತಲೆಗೆ ಹಚ್ಚುತ್ತಿದ್ದ, ಮೆಂತ್ಯ ಹಾಕಿ ಕಾಯಿಸಿದ ಹರಳೆಣ್ಣೆ. ನಿಂಗಕ್ಕ ಕೊಬ್ಬರಿ ಎಣ್ಣೆಯವಳು.

ಅವಳು ತಟ್ಟೆ ತಂದಿಟ್ಟಳು. ಮಲ್ಲೇಶಪ್ಪ ಆ ಕಲೆಗೆ ತನ್ನ ತಲೆ ತಾಗದಂತೆ ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಕೂತ.