ಬಾಲದ ಎಡಪಟ್ಟಿ

ಗುಂಯ್ ಅನ್ನುತ್ತಿದೆ, ಎಡಗಡೆಯ ಮೋಟಾರು, ಹೌದು ಎಡಗಡೆಯದೇ, ಕಿವಿಯ ಹತ್ತಿರ ಸೊಳ್ಳೆ ಸುತ್ತಿದ ಹಾಗೆ, ಎಲ್ಲೋ ಬಾಲದ ಕಡ್ಡಿ ಬಿಗಿಯುತ್ತಿರಬೇಕು, ಓರ್ವಿಲ್ ಟೇವ್ಸ್ ಗ್ಯಾರೇಜಿನ ಮೇಜಿಗೆ ಬಗ್ಗಿ ಕಿವಿ ಕೊಟ್ಟ — ಹಳದಿ ವಿಮಾನ, ರೆಕ್ಕೆ ಒಂಬತ್ತಡಿ, ಇದನ್ನ ಆಟದ ಸಾಮಾನು ಅನ್ನುವ ಧೈರ್ಯ ಹೆಂಡತಿ ಎಲ್ಫ್ರೀಡಾಗೆ ಮಾತ್ರ, ಬಾಲದ ಹಿಂದಿನ ಅಂಚಿನಲ್ಲಿ ಏಳುವ ಇಳಿಯುವ ಎರಡು ಪಟ್ಟಿ, ಪಟ್ಟಿಗೊಂದು ಸರ್ವೋ, ಬೆಂಕಿಪೊಟ್ಟಣದಷ್ಟು ಮೋಟಾರು, ರಿಮೋಟು ಎಳೆದರೆ ಎರಡೂ ಒಟ್ಟಿಗೆ ಏಳಬೇಕು, ಒಂದು ಎದ್ದು ಒಂದು ಸುಮ್ಮನಿದ್ದರೆ ಮುಗಿಯಿತು, ವಿಮಾನ ಮಗುಚಿಕೊಳ್ಳುತ್ತದೆ, ಮಗುಚಿಕೊಂಡೂ ಇತ್ತು, ಹೋದ ಜುಲೈನಲ್ಲಿ, ಇದಲ್ಲ, ಪೆನ್ನರನದು. ಬೇಡ, ಈಗ ಅದು ಬೇಡ. ಪಟ್ಟಿ ಎಷ್ಟು ಎದ್ದಿದೆ ಹೇಳೋ ಕಾರ್ನಿ, ಅಂದ. ಬಾಲದ ಪಕ್ಕ ಅಳತೆಪಟ್ಟಿ ಹಿಡಿದು ನಿಂತಿರುವುದು ಪೆನ್ನರನೇ, ಕಾರ್ನಿ ಪೆನ್ನರ್, ನಲವತ್ತು ವರ್ಷದ ಗೆಳೆಯ, ಸೂರ್ಯಕಾಂತಿ ಬೀಜ ಹಲ್ಲಲ್ಲಿ ಫಟ್ ಅನ್ನಿಸಿ ಸಿಪ್ಪೆ ಡಬ್ಬಿಗೆ ಉಗುಳಿ, ಬಲ ಹದಿನೆಂಟು ಮಿಲಿಮೀಟರ್, ಎಡ ಹದಿನಾರು, ನಿನ್ನ ಎಡಗಡೆಯದು ನಿನ್ನ ಹಾಗೇ ಸೋಮಾರಿ ಕಣೋ.

ನಗಬೇಕು, ನಕ್ಕ. ಇವನ್ಯಾಕೆ ಬಂದ ಇವತ್ತು, ಇವತ್ತೇ ಯಾಕೆ, ಮಧ್ಯಾಹ್ನ ಹನ್ನೆರಡಕ್ಕೆ ಮೈದಾನದಲ್ಲಿ ವಿಮಾನದ ಕ್ಲಬ್ಬಿನವರೆಲ್ಲ ವರ್ಷಕ್ಕೊಮ್ಮೆಯ ಸಭೆಗೆ ಸೇರಿ ಕೈ ಎತ್ತುತ್ತಾರೆ, ಪೆನ್ನರ್ ಇನ್ನು ಮುಂದೆ ದೊಡ್ಡ ವಿಮಾನ ಹಾರಿಸಬಾರದು ಅಂತ, ಪೆನ್ನರನ ವಿಮಾನ ಬಿದ್ದದ್ದರ ಬಗ್ಗೆ ಓರ್ವಿಲ್ ಬರೆದ ಕಾಗದ ನೋಡಿಯೇ ಎತ್ತುತ್ತಾರೆ, ಆ ಕಾಗದ ಈಗ ಓರ್ವಿಲ್‌ನ ಅಂಗಿ ಜೇಬಿನಲ್ಲಿದೆ, ಹಾರಿಸಿದವನ ಕೈತಪ್ಪು, ಕೆಳಗೆ ಸಹಿ, ಸುರಕ್ಷತೆ ನೋಡಿಕೊಳ್ಳುವವನು ಓ. ಟೇವ್ಸ್. ಪೆನ್ನರನಿಗೆ ಗೊತ್ತು ಅದೆಲ್ಲ. ಗೊತ್ತಿದ್ದೂ ಬೆಳಿಗ್ಗೆ ಟ್ರಕ್ ತಂದು ನಿಲ್ಲಿಸಿ, ಬಾಲ ಹಿಡಿಯೋಕೆ ನಿಂಗೆ ಬೇರೆ ಯಾರಿದಾರೋ, ಅಂದ. ಕ್ಲಬ್ಬಿನ ಕಟ್ಟುಪಾಡು ಹಾಗಿದೆ, ಬಾಲ ಜೋಡಿಸಿದವನೇ ಬಾಲ ತಪಾಸಣೆ ಮಾಡಕೂಡದು, ಇನ್ನೊಬ್ಬ ಹಿಂದೆ ನಿಂತು ಕೂಗಬೇಕು, ಎಡ ಮೇಲೆ, ಬಲ ಮೇಲೆ, ಸ್ಕ್ರೂ ಇದೆ, ಸ್ಕ್ರೂ ಇದೆ. ಈ ಕಟ್ಟುಪಾಡು ತಂದವನೇ ಓರ್ವಿಲ್, ದೊಡ್ಡ ಮನುಷ್ಯ, ಥೂ. ಹೋದ ಜುಲೈನಲ್ಲಿ, ಆವತ್ತು, ಪಡುವಣಕ್ಕೆ ಮೋಡ ಕಟ್ಟಿತ್ತು, ಗಾಳಿ ಏಳುವ ಮೊದಲು ಹಾರಿಸಿಬಿಡಬೇಕು, ಇಪ್ಪತ್ತು ಜನ ಕಾಯುತ್ತಿದ್ದರು, ಪೆನ್ನರನ ವಿಮಾನದ ಎಡಪಟ್ಟಿ ಒಂದು ಕೂದಲಷ್ಟು ಕೆಳಗಿದೆ ಅನ್ನಿಸಿ ಓರ್ವಿಲ್ ಸರ್ವೋದ ಮೇಲಿನ ತೋಳನ್ನ, ಕಡ್ಡಿ ಎಳೆಯುವ ಆ ಪುಟ್ಟ ತುಂಡನ್ನ, ಕಿತ್ತು ಚಕ್ರದ ಒಂದು ಹಲ್ಲಿನಷ್ಟು ತಿರುಗಿಸಿ ಮತ್ತೆ ಒತ್ತಿದ, ಸರಿಹೋಯಿತು, ಎಳೆದು ನೋಡಿದ, ಎರಡೂ ಚೆನ್ನಾಗಿಯೇ ಎದ್ದವು, ನೀನು ಎಂಜಿನ್ ನೋಡ್ಕೋ ಕಾರ್ನಿ, ಬಾಲ ನಾನು ನೋಡಿದೀನಿ, ಹಿಂದೆ ಬಂದು ಕೂಗ್ಬೇಕಾಗಿಲ್ಲ, ಅಂದಿದ್ದ. ಅವನೂ ನಂಬಿದ.

ಪೆನ್ನರ್ ಮೂರು ಚಳಿಗಾಲ ಕಟ್ಟಿದ ವಿಮಾನ ಅದು, ಹೆಂಡತಿ ಸತ್ತ ಮೇಲಿನ ಮೂರು ಚಳಿಗಾಲ, ಒಲೆಯ ಪಕ್ಕ ಕೂತು ಪಕ್ಕೆಲುಬಿನಂಥ ಕಡ್ಡಿಗಳನ್ನ ಒಂದೊಂದಾಗಿ ಅಂಟಿಸಿದ್ದ, ನೆಲ ಬಿಟ್ಟು ಎದ್ದದ್ದು ಟೆಲಿಫೋನ್ ಕಂಬದೆತ್ತರವೂ ಇಲ್ಲ, ಬಲಕ್ಕೆ ಮಗುಚಿ ಹಳದಿ ಹೂಬಿಟ್ಟ ಕನೋಲಾ ಹೊಲಕ್ಕೆ ಮೂಗು ಕೊಟ್ಟು ನೆಟ್ಟುಕೊಂಡಿತು, ಆಮೇಲೆ ಯಾರೂ ವಿಮಾನ ನೋಡಲಿಲ್ಲ, ಎಲ್ಲರೂ ಪೆನ್ನರನ ಕೈ ನೋಡಿದರು, ಅವನೂ ತನ್ನ ಕೈಯನ್ನೇ ನೋಡಿಕೊಂಡ, ಎಪ್ಪತ್ತನಾಲ್ಕು ಆಯ್ತಲ್ಲಪ್ಪ ಅಂದರು ಯಾರೋ, ನಡುಕ ಶುರುವಾಗಿದೆ ಪಾಪ ಅಂದರು ಇನ್ಯಾರೋ, ಆವತ್ತೇ, ಶನಿವಾರ ಸಂಜೆ, ಕಾಗದ ಬರೆದಾಗ ಓರ್ವಿಲ್ ಸುಳ್ಳು ಬರೆದಿರಲಿಲ್ಲ, ಅದು ಸತ್ಯ, ದೇವರಾಣೆಗೂ ಹಾಗೇ ಅಂದುಕೊಂಡಿದ್ದ, ಸೋಮವಾರ ತನ್ನ ಉಪಕರಣದ ಪೆಟ್ಟಿಗೆ ತೆರೆದರೆ ಮುಚ್ಚಳದ ಅಯಸ್ಕಾಂತಕ್ಕೆ ಅಂಟಿಕೊಂಡು ಕೂತಿತ್ತು ಕರೀ ಸ್ಕ್ರೂ, ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು, ಎಡಪಟ್ಟಿಯ ತೋಳನ್ನ ಹಿಡಿದಿಡಬೇಕಾದದ್ದು. ತೋಳು ಕಳಚಿಬಿತ್ತು, ಎಡಪಟ್ಟಿ ಸುಮ್ಮನಾಯಿತು, ಬಲಪಟ್ಟಿ ಒಂದೇ ಎದ್ದಿತು. ಸೋಮವಾರದಿಂದ ಆ ಕಾಗದ ಸುಳ್ಳಾಯಿತು. ನಾಳೆ ಹೇಳೋಣ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೇಳೋಣ, ಒಂದು ವರ್ಷ ಆಯಿತು ನೋಡು, ಹೇಡಿ, ಪೆನ್ನರ್ ಚರ್ಚಿನಲ್ಲಿ ಕಾಫಿ ಲೋಟವನ್ನ ಎರಡೂ ಕೈಯಲ್ಲಿ ಹಿಡಿಯುವುದನ್ನ ಕಲಿತ, ನೋಡುವವರಿಗೆ ಭಯವಾಗದಿರಲಿ ಅಂತ, ನಡುಕ ಇದೆಯೋ ಇಲ್ಲವೋ ಅವನಿಗೇ ಅನುಮಾನವೇನೋ, ಓರ್ವಿಲ್ ಎದುರಿಗೆ ಕೂತು ಜಾಮ್ ಹಚ್ಚಿದ ಬನ್ನು ತಿನ್ನುತ್ತಿದ್ದ.

ಏ ಓರ್ವಿಲ್, ನಿದ್ದೆ ಬಂತಾ, ಎಡ ಇನ್ನೂ ಹದಿನಾರೇ ಕಣೋ. ಹ್ಞಾಂ, ತಾಳು. ರಿಮೋಟಿನ ಗುಂಡಿ ಎರಡು ಸಲ ಒತ್ತಿದ, ಪಟ್ಟಿ ಒಂಚೂರು ಎದ್ದಿತು, ಗುಂಯ್ ನಿಂತಿತು, ಅಡುಗೆಮನೆಯಿಂದ ಸಾಸೇಜು ಹುರಿಯುವ ವಾಸನೆ, ಎಲ್ಫ್ರೀಡಾ ಕೂಗುತ್ತಿದ್ದಾಳೆ, ಊಟ ಮಾಡ್ಕೊಂಡು ಹೋಗ್ರಪ್ಪಾ, ಬರೀ ಹೊಟ್ಟೇಲಿ ಕೈ ಎತ್ಬೇಡಿ, ಅವಳಿಗೇನು ಗೊತ್ತು, ಏನೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಹೀಗೇ ಬಿಟ್ಟರೆ ಮಧ್ಯಾಹ್ನ ಇಪ್ಪತ್ತು ಕೈ ಮೇಲೇಳುತ್ತವೆ, ತನ್ನದೂ ಏಳಬೇಕಾಗುತ್ತದೆ, ಪೆನ್ನರ್ ಮನೆಗೆ ಹೋಗಿ ಒಲೆಯ ಪಕ್ಕ ಸುಮ್ಮನೆ ಕೂರುತ್ತಾನೆ, ಮುಂದಿನ ಚಳಿಗಾಲ ಏನನ್ನ ಕಟ್ಟುತ್ತಾನೆ, ಏನೂ ಕಟ್ಟುವುದಿಲ್ಲ, ಸಾಯುತ್ತಾನೆ ಅವನು, ಮತ್ತೆ ತಾನು, ಸುರಕ್ಷತೆಯ ಟೇವ್ಸ್, ಎಲ್ಲರ ಬಾಲಕ್ಕೂ ಕೂಗುವವನು — ಕಾರ್ನಿ. ಏನೋ. ಆವತ್ತು ನಿನ್ನ ಕೈ ತಪ್ಪಿರ್ಲಿಲ್ಲ, ಎಡಗಡೆ ಸ್ಕ್ರೂ ನಾನೇ ಹಾಕಿರ್ಲಿಲ್ಲ ಕಣೋ, ನಂಗೆ ಸೋಮವಾರಾನೇ ಗೊತ್ತಾಯ್ತು.

ಪೆನ್ನರ್ ತಲೆ ಎತ್ತಲಿಲ್ಲ. ಗೊತ್ತು, ಅಂದ, ಭಾನುವಾರಾನೇ ಹೊಲದಲ್ಲಿ ಬಾಲ ಹೆಕ್ಕಿ ನೋಡಿದ್ದೆ, ಸ್ಕ್ರೂ ಇರ್ಲಿಲ್ಲ, ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಆಮೇಲೆ, ಅದೇ ದನಿಯಲ್ಲಿ, ಎಡ ಇನ್ನೂ ಅರ್ಧ ಎತ್ತು. ಓರ್ವಿಲ್‌ಗೆ ಎತ್ತಲು ಆಗಲಿಲ್ಲ, ಜೇಬಿನ ಕಾಗದ ಹರಿಯಬೇಕು, ಮೈದಾನಕ್ಕೆ ಹೋಗಿ ಎಲ್ಲರೆದುರು ಹೇಳಬೇಕು, ಕ್ಷಮಿಸು ಅನ್ನಬೇಕು, ಒಂದೂ ಆಗಲಿಲ್ಲ, ಕಣ್ಣು ಅಲ್ಲೇ ನಿಂತುಬಿಟ್ಟಿತು, ಅಳತೆಪಟ್ಟಿಯನ್ನ ಬಾಲಕ್ಕೆ ತಾಗಿಸಿ ಹಿಡಿದ ಆ ಎರಡು ಬೆರಳು, ಮುದಿ ಬೆರಳು, ಒಂದಿಷ್ಟೂ ಅಲುಗದ ಬೆರಳು.