ಒಂದೆಳೆ ರೇಷ್ಮೆ

ರಾಟೆ ಕಿರ್ರೆನ್ನುತ್ತಿರುವಷ್ಟು ಹೊತ್ತು ರುದ್ರಾಣಿಯ ಜೀವ ಜಾಗದಲ್ಲಿರುತ್ತಿತ್ತು. ಅವಳು ಒಳಮನೆಯಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವಳು. ನಡುಮನೆಯಲ್ಲಿ ಅತ್ತೆ ಚಿಕ್ಕತಾಯಮ್ಮ ರಾಟೆ ತಿರುಗಿಸಿ ಲಾಳಿಗೆ ನೂಲು ಸುತ್ತಿಕೊಡುವಳು. ಅತ್ತೆಗೆ ಸತ್ತ ಮಗನ ಹೆಸರು ಮರೆತಿತ್ತು, ಉಂಡದ್ದು ಮರೆಯುತ್ತಿತ್ತು, ಸೊಸೆಯನ್ನೇ ಒಂದೊಂದು ದಿನ ತನ್ನ ತಂಗಿ ಎಂದುಕೊಳ್ಳುತ್ತಿದ್ದಳು. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ರಾಟೆ ಸದ್ದು ನಿಂತರೆ ಅತ್ತೆ ಎದ್ದಳು ಎಂದರ್ಥ. ರುದ್ರಾಣಿ ಲಾಳಿ ಬಿಸಾಕಿ ಗುಂಡಿಯಿಂದೆದ್ದು ಓಡಬೇಕು.

ದಿನಕ್ಕೆ ಇಪ್ಪತ್ತು ಸಲ ಹೀಗೆ ಎದ್ದರೆ ಸೀರೆ ಮುಗಿಯುವುದು ಯಾವಾಗ? ಅಮಾವಾಸ್ಯೆಯೊಳಗೆ ಸೀರೆ ಕೈಗೆ ಬರದಿದ್ದರೆ ಮುಂದಿನ ನೂಲು ಬೇರೆ ಮನೆಗೆ ಎಂದು ಕೊಳ್ಳೇಗಾಲದ ಸಾಹುಕಾರ ಹೇಳಿ ಕಳಿಸಿದ್ದ. ಗಂಡ ಚೌಡೇಶ ತೀರಿಕೊಂಡು ನಾಲ್ಕು ವರ್ಷ. ಮಗ್ಗ ನಿಂತರೆ ಒಲೆಯೂ ನಿಂತ ಹಾಗೆಯೇ.

ಹೋದ ತಿಂಗಳು ಅವಳು ಬಾವಿಗೆ ಹೋಗಿದ್ದಾಗ ಅತ್ತೆ ಮನೆಯಿಂದ ಎದ್ದು ಹೊರಟಿದ್ದಳು. ಹನೂರಿನ ಬಸ್ಸು ಊರಾಚೆ ರಸ್ತೆಯಲ್ಲಿ ಕಿರುಚಿಕೊಂಡು ನಿಂತ ಸದ್ದು ಬಾವಿಕಟ್ಟೆಗೂ ಕೇಳಿತು. ಬಿಂದಿಗೆ ಅಲ್ಲೇ ಬಿಟ್ಟು ಓಡಿದರೆ, ಬಸ್ಸಿನ ಮೂತಿಗೂ ಮುದುಕಿಯ ತಲೆಗೂ ನಡುವೆ ಒಂದೇ ಗೇಣು. ಡ್ರೈವರು ಮೇಲಿಂದ ಬೈಯುತ್ತಿದ್ದ. ಅತ್ತೆ ಬಸ್ಸಿಗೇ ಕೈಮುಗಿದು ನಿಂತಿದ್ದಳು.

ಆವತ್ತಿನಿಂದ ರುದ್ರಾಣಿ ಒಂದು ಕೆಲಸ ಕಲಿತಳು. ಹೊರಗೆ ಹೋಗುವಾಗ ಅತ್ತೆಯ ಕಾಲಿಗೆ ಒಂದೆಳೆ ರೇಷ್ಮೆ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿಯುವಳು. ಜೋರಾಗಿ ಜಗ್ಗಿದರೆ ಕೂಸೂ ಕಿತ್ತೀತು ಆ ಎಳೆಯನ್ನು. ಆದರೆ ಐವತ್ತು ವರ್ಷ ನೇಯ್ದ ಹೆಂಗಸು ನೂಲು ಕೀಳುವುದುಂಟೆ? ಎಳೆ ಬಿಗಿಯಾದ ಕೂಡಲೇ ಚಿಕ್ಕತಾಯಮ್ಮನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಕಟ್ಟುವಾಗೆಲ್ಲ ರುದ್ರಾಣಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ಬಸ್ಸಿಗಿಂತ ವಾಸಿ ಎಂದು ಗಂಟು ಹಾಕುತ್ತಿದ್ದಳು.

ಅವರೂರು ನೂಲಹುಂಡಿಯ ಪಂಚಾಯ್ತಿ ಸಣ್ಣದೇನಲ್ಲ. ಅದಕ್ಕೊಂದು ರೇಡಿಯೊ ಇತ್ತು, ನಾಲ್ಕು ಬೀದಿ ದೀಪ ಇತ್ತು, ದಾರಿ ತಪ್ಪಿದ ದನ ಕೂಡಿಹಾಕಲು ಕಲ್ಲಿನ ದೊಡ್ಡಿ ಇತ್ತು. ದಾರಿ ತಪ್ಪಿದ ಮನುಷ್ಯರಿಗೆ ಏನಿತ್ತು ಅಂತ ಯಾರೂ ಕೇಳಿರಲಿಲ್ಲ, ಅಷ್ಟೆ. ಹೊಸದಾಗಿ ಒಂದು ಶಿಶುವಿಹಾರವೂ ಆಗಿತ್ತು. ಆಯಾ ಪುಟ್ಟಮಾದಮ್ಮ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಬಾವಿಕಟ್ಟೆಯಲ್ಲಿ ಒಂದು ದಿನ ರುದ್ರಾಣಿ ಅವಳನ್ನೇ ಕೇಳಿಬಿಟ್ಟಳು.

"ಇಪ್ಪತ್ ಐಕ್ಳ ಜೊತೆ ಇನ್ನೊಂದು ಕೂಸು, ನಂಗೇನವ್ವ ಭಾರ? ರಾಟೆನೂ ತಂದು ಮಡುಗು," ಎಂದಳು ಪುಟ್ಟಮಾದಮ್ಮ. "ಆದ್ರ ಪಂಚಾಯ್ತಿಯೋರು ಊಂ ಅನ್ಬೇಕು."

ಊಂ ಅನ್ನಿಸಲು ರುದ್ರಾಣಿ ಮೀಟಿಂಗಿಗೆ ಹೊರಟಳು. ಹತ್ತು ಗಂಟೆಗೆ ಮೀಟಿಂಗು. ಹೋಗಿ ಹೇಳಿ ಬರಲು ಅರ್ಧ ಗಂಟೆ ಎಂದು ಲೆಕ್ಕ ಹಾಕಿ, ಅತ್ತೆಯ ಕಾಲಿಗೆ ನೂಲು ಕಟ್ಟಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟಳು. ಬಿಸಿಲು ಆಗಲೇ ಸುಡುತ್ತಿತ್ತು.

ಛೇರ್ಮನ್ ದೊಡ್ಡಸಿದ್ದಯ್ಯ ಬಂದದ್ದು ಹನ್ನೆರಡಕ್ಕೆ. ಬಂದ ಮೇಲೆ ದೊಡ್ಡಿಯ ಬಾಗಿಲು ರಿಪೇರಿಯ ಮಾತು ಎದ್ದಿತು. ಮರದ ಬಾಗಿಲೋ ಕಬ್ಬಿಣದ ಬಾಗಿಲೋ ಎಂದು ಒಂದು ಗಂಟೆ. ರುದ್ರಾಣಿ ಜಗುಲಿಯ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. ಎದ್ದು ಹೋದರೆ ಇನ್ನೊಂದು ಮೀಟಿಂಗು ಮುಂದಿನ ತಿಂಗಳು, ಅಷ್ಟರಲ್ಲಿ ಅಮಾವಾಸ್ಯೆ ಬಂದುಹೋಗುತ್ತದೆ. ಕೂತರೆ, ಚೊಂಬಿನಲ್ಲಿ ಎಷ್ಟು ನೀರಿತ್ತು? ಮುಕ್ಕಾಲೋ? ಅರ್ಧವೋ? ಎಷ್ಟು ನೆನೆದರೂ ನೆನಪಾಗಲಿಲ್ಲ. ನನಗೂ ಮರೆವು ಅಂಟಿತೇ ಎಂದು ಅವಳಿಗೆ ಭಯವಾಯಿತು.

ಕೊನೆಗೆ ಒಳಗೆ ಕರೆದರು. ಅವಳು ಹೇಳಿ ಮುಗಿಸುವ ಮೊದಲೇ ನಗು ಎದ್ದಿತು.

"ಅತ್ತೇನ ಶಿಶುವಿಹಾರಕ್ಕ ಸೇರಿಸ್ಬೇಕಂತೆ ಕಣ್ರಪ್ಪೋ!" ಎಂದ ಮೆಂಬರೊಬ್ಬ.

"ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅಂತ ರೂಲ್ಸಿದೆಯಮ್ಮ," ಎಂದ ಸೆಕ್ರೆಟರಿ.

"ಅತ್ತೆ ಮಾವನ್ನ ನೋಡ್ಕಳದು ಸೊಸೆ ಧರ್ಮ. ಅದ್ಕ ಪಂಚಾಯ್ತಿ ಯಾಕವ್ವ?" ಎಂದ ದೊಡ್ಡಸಿದ್ದಯ್ಯ.

"ನೋಡ್ಕಳಲ್ಲ ಅಂದ್ನಾ ಸಾ? ನಾಕು ವರ್ಷದಿಂದ ನೋಡ್ತಾವ್ನಿ, ಸಾಯಗಂಟ ನೋಡ್ತೀನಿ. ದಿನಕ್ಕ ಮೂರು ಗಂಟೆ ನಂಗ ಕೈ ಬುಡಿಸ್ಕೊಡಿ ಅಂತೀನಿ."

"ಈಗ ಬಂದಿದ್ದೀಯಲ್ಲ, ಈಗ್ಯಾರವ್ರೆ ಮನೇಲಿ?"

ರುದ್ರಾಣಿ ಸುಳ್ಳು ಹೇಳಬಹುದಿತ್ತು. ಮನಸ್ಸೆಲ್ಲ ಚೊಂಬಿನ ಹತ್ತಿರವೇ ಇದ್ದುದರಿಂದ ನಿಜವೇ ಬಾಯಿಗೆ ಬಂತು. "ಯಾರೂ ಇಲ್ಲ ಸಾ. ಕಾಲಿಗ ಕಟ್ಬುಟ್ಟು ಬಂದಿವ್ನಿ."

ನಗು ನಿಂತಿತು. "ಕಟ್ಬುಟ್ಟು? ದನ ಕಟ್ದಂಗ ಕಟ್ಟಿದ್ದೀಯಾ?" ದೊಡ್ಡಸಿದ್ದಯ್ಯ ಎದ್ದೇ ನಿಂತ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಹಿಂದಿನಿಂದ ಯಾರೋ ಹಲ್ಲುಕಿರಿದರು.

"ಹಗ್ಗ ಅಲ್ಲ ಸಾ, ಒಂದೆಳೆ ನೂಲು."

"ನೂಲಲ್ಲಿ ಮನುಷ್ರು ನಿಂತಾರಾ? ಯಾರ ಕಿವೀಗ ಹೂ ಮಡುಗ್ತಿದ್ದೀಯಾ? ನಡಿ, ನೋಡೇ ಬುಡವ," ಎಂದ ದೊಡ್ಡಸಿದ್ದಯ್ಯ.

ಮೆಂಬರುಗಳಲ್ಲಿ ಮಗ್ಗದ ಮನೆಯವನು ಗುರುಸ್ವಾಮಿ ಒಬ್ಬನೇ. ಅವನು ತಲೆ ಬಗ್ಗಿಸಿ ಎಲ್ಲರ ಹಿಂದೆ ನಡೆದ. ರುದ್ರಾಣಿ ಎಲ್ಲರಿಗಿಂತ ಮುಂದೆ ಓಡಿದಳು. ಬೀದಿ ತಿರುವಿನಲ್ಲೇ ಕಿವಿಗೊಟ್ಟು ಕೇಳಿದಳು. ರಾಟೆಯ ಸದ್ದಿಲ್ಲ.

ಬಾಗಿಲು ತಳ್ಳಿದಳು. ಚಿಕ್ಕತಾಯಮ್ಮ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಳು. ಹೆಂಚಿನ ಸಂದಿಯಿಂದ ಬಿಸಿಲು ನೇರ ಅವಳ ಬೆನ್ನಿಗೆ ಬೀಳುತ್ತಿತ್ತು. ಚೊಂಬು ಖಾಲಿಯಾಗಿ ಉರುಳಿತ್ತು. ಕಂಬದಿಂದ ಕಾಲಿನವರೆಗೆ ನೂಲು ಬಿಗಿದು ನಿಂತಿತ್ತು, ಕಾಲ ಮೇಲೆ ಕೆಂಪು ಗೆರೆ. ಮುಂದಕ್ಕೆ ಚಾಚಿದ್ದ ಕೈಗೂ ಮೂಲೆಯ ನೀರಿನ ಬಿಂದಿಗೆಗೂ ಮಧ್ಯೆ ಒಂದೇ ಗೇಣು ಉಳಿದಿತ್ತು.

"ಅತ್ತೇ!"

ಮುದುಕಿ ಕಣ್ಣು ತೆರೆದಳು. ತುಟಿ ಒಡೆದಿತ್ತು. ಬಾಗಿಲಲ್ಲಿ ನಿಂತ ದೊಡ್ಡಸಿದ್ದಯ್ಯನಿಗೆ ಮಾತು ತಡವರಿಸಿತು. "ಅಜ್ಜೀ... ಕಿತ್ಕಂಡೋಗಿ ನೀರು ಕುಡೀಬಾರ್ದಾಗಿತ್ತಾ?"

ಚಿಕ್ಕತಾಯಮ್ಮ ಅವನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದಳು. "ನೂಲು ಕಿತ್ತಾರಾ ಯಾರಾರೂ? ಯಾರ ಮನೇದೋ ಏನೋ."

ಬಿಗಿದ ಗಂಟು ರುದ್ರಾಣಿಯ ಉಗುರಿಗೆ ಸಿಗಲಿಲ್ಲ. ಬಗ್ಗಿ ಹಲ್ಲಿನಿಂದ ಎಳೆಯನ್ನು ಕಚ್ಚಿ ಹರಿದಳು. ಅತ್ತೆಯ ಕೈ ರಪ್ಪನೆ ಅವಳ ಕೆನ್ನೆಗೆ ಬಿತ್ತು. "ನೂಲು ಕಡೀತೀಯೇನೇ? ನಿಂಗ ನೇಯಕ ಕಲಿಸ್ದೋರ್ಯಾರೇ?"

"ನೀವೇ ಕಣತ್ತೆ," ಎಂದು ರುದ್ರಾಣಿ ಚೊಂಬು ತುಂಬಿ ಅವಳ ಬಾಯಿಗೆ ಹಿಡಿದಳು. ನಾಲ್ಕು ವರ್ಷದಲ್ಲಿ ಅತ್ತೆ ಅವಳೊಡನೆ ಅತ್ತೆಯಂತೆ ನಡೆದುಕೊಂಡದ್ದು ಅದೇ ಮೊದಲು. ಕೆನ್ನೆ ಉರಿಯುತ್ತಿತ್ತು. ಅಳು ಬಂದದ್ದು ಉರಿಗಲ್ಲ.

ಗುರುಸ್ವಾಮಿ ಕಂಬ ಹಿಡಿದು ನಿಂತಿದ್ದ. "ಒಬ್ಬಂಟಿ ಮಗ್ಗದ ಮನೆ ಕಷ್ಟ ನಂಗೊತ್ತಿತ್ತು ಛೇರ್ಮನ್ರೆ. ಮೀಟಿಂಗ್ನಾಗ ಬಾಯಿ ಬುಡ್ನಿಲ್ಲ, ನಂದೇ ತಪ್ಪು."

ದೊಡ್ಡಸಿದ್ದಯ್ಯ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. "ನಾಳಿಂದ ಪುಟ್ಟಮಾದಮ್ಮನ ತಾಕ ಕರ್ಕಂಬಾ ಕಣವ್ವ. ರಾಟೆ ನಾವೇ ಹೊತ್ತಾಕಿಸ್ತೀವಿ."

"ರಿಜಿಸ್ಟರ್ನಲ್ಲಿ ವಯಸ್ಸು ಏನಂತ ಬರೀಲಿ ಸಾರ್?" ಎಂದ ಸೆಕ್ರೆಟರಿ.

"ಖಾಲಿ ಬುಡಯ್ಯ. ಕೇಳ್ದೋರ್ನ ಈ ಮನೆಗ್ ಕಳ್ಸು."

ಅವರೆಲ್ಲ ಹೋದರು. ಇನ್ನೊಂದು ಗಂಟೆ ಮೀಟಿಂಗು ನಡೆದಿದ್ದರೆ ಎಂಬ ಮಾತನ್ನು ರುದ್ರಾಣಿಯ ಮನಸ್ಸು ಬಿಡುತ್ತಿರಲಿಲ್ಲ. ಎದ್ದು ಇನ್ನೊಂದು ಚೊಂಬು ನೀರು ತುಂಬಿಕೊಂಡು ತಿರುಗಿ ಬಂದಳು.

ಅಷ್ಟರಲ್ಲಿ ಚಿಕ್ಕತಾಯಮ್ಮ ಹರಿದ ಎಳೆಯ ಎರಡೂ ತುದಿಗಳನ್ನು ಹುಡುಕಿ ತಂದು, ಕಂಡೂ ಕಾಣದಷ್ಟು ಸಣ್ಣ ಗಂಟು ಹಾಕಿ ಕೂಡಿಸಿದ್ದಳು. ಕಾಲು ಮತ್ತೆ ಕಂಬಕ್ಕೆ ಸೇರಿತ್ತು. "ಸರಿ ಓಯ್ತು ಬುಡು, ಅಳ್ಬೇಡ," ಎಂದು ಸೊಸೆಯನ್ನು ಸಮಾಧಾನ ಮಾಡಿದಳು. ರುದ್ರಾಣಿ ಚೊಂಬನ್ನು ಕೆಳಗಿಟ್ಟು, ಅತ್ತೆಯ ಎರಡೂ ಕೈಯನ್ನು ತನ್ನ ಒಂದು ಕೈಯಲ್ಲಿ ಹಿಡಿದುಕೊಂಡು, ಆ ಎಳೆಗೆ ಮತ್ತೆ ಹಲ್ಲು ಹಚ್ಚಿದಳು.