ಅಮ್ಮ ಓಟು ವಾಪಸ್ ಕೇಳಿದ ಸಂಜೆ

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಶೆಡ್ ಇತ್ತು. ಹೆಂಗಸರೇ ಕೂಡಿ ಕಟ್ಟಿದ ಸಂಘದ್ದು. ಈಗಲೂ ಎಲ್ಲಾದರೂ ಮಿಷನ್ ಎಣ್ಣೆ ವಾಸನೆ ಬಂದರೆ ಸಾಕು, ಹಲ್ಲಲ್ಲಿ ದಾರ ಕಡಿಯುವ ಅಮ್ಮ ಕಣ್ಮುಂದೆ ಬಂದುಬಿಡುತ್ತಾಳೆ.

ಸಂಘದ ಮೀಟಿಂಗ್ ಸಂಜೆ ನಡೀತಿತ್ತು. ಆ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದ ಅಜ್ಜಿಯ ಹತ್ತಿರ ಇರಬೇಕಿತ್ತು. ಒಂದು ಸಲ ಅವಳಿಲ್ಲದಾಗಲೇ ಕೆಲಸದ ಹೊತ್ತು ಬದಲಾಯಿಸಿಬಿಟ್ಟರು. ಅಮ್ಮ ಕೆಂಡವಾದಳು.

"ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ!"

ಬಟ್ಟೆ ಕತ್ತರಿಸುವ ಕೆಲಸದ ಅವಳ ಗೆಳತಿಯನ್ನು ಎಲ್ಲರೂ ಕತ್ತರಿಯಕ್ಕ ಅಂತಿದ್ದರು. ಅವಳು ಅಡುಗೆಮನೆ ಹೊಸ್ತಿಲಲ್ಲಿ ಕೂತು ಹೇಳಿದಳು, "ಸಂಘದಲ್ಲಿ ಹೊಸ ನಿಯಮ ಮಾಡಿದೀವಿ ಕಣೆ. ಬರೋಕಾಗದಿದ್ರೆ ನಿನ್ನ ಓಟನ್ನ ನಂಬಿಕೆ ಇರೋರಿಗೆ ಒಪ್ಪಿಸು."

"ಓಟೇನು ಸಕ್ಕರೆ ಬಟ್ಟಲಾ, ಪಕ್ಕದ ಮನೆಗೆ ಕೊಡೋಕೆ?"

"ಅಯ್ಯೋ, ಪೂರ್ತಿ ಕೇಳು. ಮಿಷನ್ ವಿಷಯ ನಂಗೆ ಗೊತ್ತು, ಅದಕ್ಕೆ ನಂಗೆ ಕೊಡು. ಬಣ್ಣದ ವಿಷಯ ಬಂದ್ರೆ ಗುಂಡಿ ಹಾಕೋ ಅಜ್ಜಮ್ಮಂಗೆ ಕೊಡು. ನಿಂಗೇ ಗೊತ್ತಿರೋದಕ್ಕೆ ನೀನೇ ಹಾಕು. ಯಾರಿಗೆ ಕೊಟ್ಟೆ ಅಂತ ಎಲ್ಲರಿಗೂ ತಿಳಿದಿರುತ್ತೆ. ಬೇಡ ಅನ್ಸಿದ ದಿನ ವಾಪಸ್ ತಗೋ."

"ಆಮೇಲೆ ನೀನು ಕೊಡದಿದ್ರೆ?"

"ನಾನ್ಯಾರೇ ಕೊಡದಿರೋಕೆ? ಓಟು ನಿಂದು."

ಅಮ್ಮ ಅರೆಮನಸ್ಸಿನಿಂದಲೇ ಒಪ್ಪಿದಳು. ಕತ್ತರಿಯಕ್ಕ ಆರಿಸಿದ ಮಿಷನ್‌ಗಳು ಬಂದವು. ಸದ್ದಿಲ್ಲ, ದಾರ ತುಂಡಾಗೋದಿಲ್ಲ. ಅಮ್ಮನ ಅನುಮಾನ ಕರಗಿತು. ಅವಳಷ್ಟೇ ಅಲ್ಲ, ಸುಮಾರು ಹೆಂಗಸರು ಎಲ್ಲ ವಿಷಯಕ್ಕೂ ಕತ್ತರಿಯಕ್ಕನಿಗೇ ಓಟು ಒಪ್ಪಿಸಿ ನಿಶ್ಚಿಂತೆಯಾದರು.

ಆಮೇಲೆ ಶೆಡ್ಡನ್ನು ಊರಾಚೆ ಸಾಗಿಸುವ ಮಾತು ಬಂತು. ಅಲ್ಲಿ ಬೆಳಕು ಚೆನ್ನಾಗಿದೆ ಅಂತ ಕತ್ತರಿಯಕ್ಕನಿಗೆ ಆಸೆ. ಆದರೆ ಮಧ್ಯಾಹ್ನ ಓಡಿಬಂದು ಅಜ್ಜಿಗೆ ಉಣಿಸೋದು ಹೇಗೆ? ಆ ಸಂಜೆ ಅಮ್ಮ ಅಜ್ಜಿಯ ಪಕ್ಕ ನನ್ನನ್ನು ಕೂರಿಸಿ ಮೀಟಿಂಗಿಗೆ ನಡೆದಳು. ಅಲ್ಲಿ ಏನಾಯಿತು ಅಂತ ಬಂದಮೇಲೆ ಅವಳೇ ಹೇಳಿದಳು.

ಎಲ್ಲರ ಎದುರು ಎದ್ದು ನಿಂತು ಅಂದಳಂತೆ, "ಅಕ್ಕಾ, ಬೇಜಾರು ಮಾಡ್ಕೋಬೇಡ. ಇವತ್ತು ನನ್ನ ಓಟು ನಂಗೇ ಬೇಕು."

ಕತ್ತರಿಯಕ್ಕನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ, "ತಗೋ. ಯಾಕೆ ಅಂತ ಮಾತ್ರ ಎಲ್ಲರಿಗೂ ಹೇಳು," ಅಂದಳು.

ಅಮ್ಮ ಹೇಳಿದಳು. ಕೇಳುತ್ತಾ ಕೇಳುತ್ತಾ ಎಳೆಮಕ್ಕಳ ತಾಯಂದಿರೂ ತಮ್ಮ ಓಟು ವಾಪಸ್ ಪಡೆದರು. ಶೆಡ್ ಇದ್ದಲ್ಲೇ ಉಳಿಯಿತು. ಬೆಳಕಿಗೆ ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟರು.

ಮರುದಿನ ಕತ್ತರಿಯಕ್ಕ ಮನೆಗೆ ಬಂದು, "ನನ್ನನ್ನೇ ಸೋಲಿಸಿದ್ಯಲ್ಲೇ!" ಅಂತ ನಕ್ಕಳು. "ಮಿಷನ್ ವಿಷಯಕ್ಕೆ ಈಗಲೂ ನೀನೇ," ಅಂದಳು ಅಮ್ಮ.

ಇಬ್ಬರೂ ಈಗಿಲ್ಲ. ಆದರೆ ಅಜ್ಜಿ ಬದುಕಿದ್ದಷ್ಟು ದಿನವೂ ಮಧ್ಯಾಹ್ನದ ಊಟವನ್ನು ಅಮ್ಮನ ಕೈಯಿಂದಲೇ ಉಂಡಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸರ್ಕಾರದ ಚುನಾವಣೆಯಲ್ಲಿ ನಿಮ್ಮ ಓಟು ನೀವೇ ಹಾಕಬೇಕು. ಆದರೆ ನಿಮ್ಮ ಸಂಘದಲ್ಲಿ, ವಠಾರದಲ್ಲಿ ಎಲ್ಲರೂ ಒಪ್ಪಿ ಇಂಥ ನಿಯಮ ಮಾಡಿಕೊಳ್ಳಬಹುದು. ತಿಳಿದವರನ್ನು ನಂಬಿ ಓಟು ಒಪ್ಪಿಸಿ. ಒಪ್ಪಿಸಿದ ಮೇಲೂ ಒಂದು ಕಣ್ಣಿಟ್ಟಿರಿ. ನಿಮ್ಮ ಮನೆಯ ತುತ್ತಿನ ಮಾತು ಬಂದಾಗ ಎದ್ದು ನಿಂತು, ಸಂಕೋಚವಿಲ್ಲದೆ ವಾಪಸ್ ಕೇಳಿ.